ಗೋಡೆ ಸಾಲಿನ ಏಳು ಕಂಪ್ಯೂಟರುಗಳು

ಎಲೆಕ್ಟ್ರಾನಿಕ್ ಸಿಟಿಯ ಸುತ್ತಲಿನ ಕಾರ್ಖಾನೆಗಳಲ್ಲಿ ದುಡಿಯುವವರಿಗೆ ಭಾನುವಾರಗಳಂದು ಪ್ರೋಗ್ರಾಮ್ ಬರೆಯಲು ಕಲಿಸಿದವರು ಕೆಲವರಿದ್ದಾರೆ. ಇಪ್ಪತ್ತು ವರ್ಷ ಬಿಡದೆ ಕಲಿಸಿದವರು, ನಾನು ಬಲ್ಲಂತೆ, ಬೇಗೂರಿನ ಶ್ರೀ ನಲ್ಲಪ್ಪನವರೊಬ್ಬರೇ. ನಮ್ಮ ತರಬೇತಿ ಕೇಂದ್ರದಿಂದ ಅವರು ನಿವೃತ್ತರಾಗುತ್ತಿರುವ ಈ ಸಂದರ್ಭದಲ್ಲಿ ಬೀಳ್ಕೊಡುಗೆ ಸಂಚಿಕೆಯ ಸಂಪಾದಕರು ಅವರ ಔದಾರ್ಯವನ್ನು ಕುರಿತು ಬರೆಯಲು ನನಗೆ ಸೂಚಿಸಿದರು. ಅವರ ಅನುಮಾನವನ್ನು ಕುರಿತು ಬರೆಯುತ್ತೇನೆಂದು ನಾನು ಹೇಳಿದೆ. ಗುರುಗಳ ಒಪ್ಪಿಗೆ ಕೇಳಲು ಹೋದಾಗ, "ಬರಿ. ಸುಣ್ಣ ಬಳೀಬ್ಯಾಡ ಅಷ್ಟೆ," ಎಂದರು.

ರಾಗಿ ಹೊಲದ ಮನೆತನದವರು ಅವರು. ಹೊಲಕ್ಕೆ ಎಮ್ಮೆ ನುಗ್ಗಿದರೆ ಗೊರಸಿನ ಗುರುತು ನೋಡಿ ಅದು ಯಾರ ಮನೆಯದೆಂದು ಹೇಳುತ್ತಿದ್ದರಂತೆ. ಕಾರ್ಖಾನೆಯೊಂದರಲ್ಲಿ ಎಲೆಕ್ಟ್ರಿಷಿಯನ್ ಆಗಿದ್ದು, ನಲವತ್ತರ ಹೊತ್ತಿಗೆ ಕಂಪ್ಯೂಟರ್ ಕಲಿತು, ೧೯೯೮ರಲ್ಲಿ ನಮ್ಮ ಕೇಂದ್ರದ ಲ್ಯಾಬಿಗೆ ಬಂದರು. ಮೇನ್ ಸ್ವಿಚ್ ಆರಿಸಿದ ಮೇಲೂ ಟೆಸ್ಟರ್ ಇಟ್ಟು ನೋಡದೆ ವೈರು ಮುಟ್ಟಿದವರಲ್ಲ. ಬೀಗ ಹಾಕಿ ಎರಡು ಸಲ ಜಗ್ಗುವರು, ಮೆಟ್ಟಿಲಿಳಿದವರು ಮತ್ತೆ ಹತ್ತಿ ಬಂದು ಮೂರನೆಯ ಸಲ ಜಗ್ಗುವರು.

ನಾನು ಸೇರಿದ್ದು ೨೦೧೦ರಲ್ಲಿ. ಕುಷ್ಟಗಿ ಕಡೆಯಿಂದ ಬಂದು ಬೊಮ್ಮಸಂದ್ರದ ಕಾರ್ಖಾನೆಯೊಂದರಲ್ಲಿ ತಗಡು ಒತ್ತುವ ಪ್ರೆಸ್ ಮೇಲೆ ಕೆಲಸಕ್ಕಿದ್ದೆ. ನನ್ನ ರೂಮಿನಲ್ಲಿದ್ದ ಈಶಪ್ಪನ ಎರಡು ಬೆರಳು ಅದೇ ಪ್ರೆಸ್ಸಿಗೆ ಹೋಗಿದ್ದವು. ಅಕ್ಟೋಬರ್ ಪರೀಕ್ಷೆ ಪಾಸಾದರೆ ಕಂಪ್ಯೂಟರ್ ವಿಭಾಗಕ್ಕೆ ಹಾಕುತ್ತೇವೆಂದು ಕಾರ್ಖಾನೆಯವರು ಹೇಳಿದ್ದರಿಂದ, ನನ್ನ ಪಾಲಿಗೆ ಆ ಪರೀಕ್ಷೆ ಬರೀ ಪರೀಕ್ಷೆಯಾಗಿರಲಿಲ್ಲ.

ನಾವು ಕಲಿಯುತ್ತಿದ್ದುದು ಯಾರು ಬೇಕಾದರೂ ಉಚಿತವಾಗಿ ಬಳಸಬಹುದಾದ ಮುಕ್ತ ತಂತ್ರಾಂಶದಲ್ಲಿ. ನಾವು ಬರೆದುದನ್ನು ಯಂತ್ರಕ್ಕೆ ತಿಳಿಯುವಂತೆ ಮಾಡುವ ಕಂಪೈಲರನ್ನು ಗುರುಗಳು ಪ್ರತಿ ಕಂಪ್ಯೂಟರಿನ ಡಿ ಡ್ರೈವಿನಲ್ಲಿ ಬೇರೆ ಫೋಲ್ಡರಿನಲ್ಲಿಟ್ಟು, ಅದರ ಜಾಗವನ್ನು ತಂತ್ರಾಂಶಕ್ಕೆ ತೋರಿಸಿಕೊಟ್ಟಿದ್ದರು. ಆಯುಧಪೂಜೆ ಕಳೆದ ಮೇಲಿನ ತರಗತಿಯಲ್ಲಿ, ಗೋಡೆ ಸಾಲಿನ ಏಳು ಕಂಪ್ಯೂಟರುಗಳಲ್ಲೂ ಕಂಪೈಲರ್ ಸಿಗುತ್ತಿಲ್ಲವೆಂಬ ಕೆಂಪು ಸಾಲು ಬಂತು. ಕಿಟಕಿ ಸಾಲಿನ ಐದು ಸರಿಯಾಗಿದ್ದವು. ನಾನು ಕೂರುತ್ತಿದ್ದುದು ಗೋಡೆ ಸಾಲಿನಲ್ಲಿ.

"ಓದ್ ಸಲ ಕೊನೇಲಿ ಎದ್ದೋಗಿದ್ದು ನೀನೇ ಅಲ್ವೇನೋ ಯಮನೂರ?" ಎಂದು ಗುರುಗಳು ನನ್ನನ್ನು ಕೇಳಿದರು.

"ಹೌದ್ರೀ ಸರ."

"ಪೆನ್ ಡ್ರೈವ್ ಆಕಿದ್ಯಾ?"

"ಇಲ್ರೀ."

"ಮಚ್ಚಾ, ಸಿನಿಮಾ ತುಂಬ್ಕೊಂಡ್ ಹೋಗಿರ್ತಾನೆ ಕಣೋ," ಎಂದು ಹಿಂದಿನಿಂದ ಯಾರೋ ಅಂದರು. ನಗು ಎದ್ದಿತು. ಗುರುಗಳು ನಗಲಿಲ್ಲ. ನನ್ನ ಕೈಯನ್ನೇ ನೋಡುತ್ತಿದ್ದರು.

ನಾನು ಹೇಳಿದ್ದು ಸುಳ್ಳು. ಪೆನ್ ಡ್ರೈವ್ ಲ್ಯಾಬಿಗೆ ತರಕೂಡದೆಂಬ ನಿಯಮವಿದ್ದರೂ, ಪಾಠದ ಪ್ರೋಗ್ರಾಮುಗಳನ್ನು ತುಂಬಿಕೊಂಡು ಹೋಗಿ ಬ್ರೌಸಿಂಗ್ ಸೆಂಟರಿನಲ್ಲಿ ಅಭ್ಯಾಸ ಮಾಡುತ್ತಿದ್ದೆ. ಅಲ್ಲಿಂದ ವೈರಸ್ ಬಂದು ಸಾಲಿಗೆಲ್ಲ ಹಬ್ಬಿತೆಂದು ನನಗೂ ಅನ್ನಿಸಿತ್ತು. ಗುರುಗಳು ಲ್ಯಾಬಿನ ರಿಜಿಸ್ಟರಿನಲ್ಲಿ ನನ್ನ ಹೆಸರು ಬರೆದು ‘ಅನುಮಾನವಿದೆ’ ಎಂದು ಸೇರಿಸಿದರು. ಅದನ್ನು ಓದಿದ ಪ್ರಾಂಶುಪಾಲರಾದ ಸುಮಂಗಲಾ ಮೇಡಂ, "ಇದು ಇತ್ಯರ್ಥ ಆಗೋವರ್ಗೂ ಈತ ಪರೀಕ್ಷೆಗೆ ಕೂರೋದ್ ಬೇಡ," ಎಂದುಬಿಟ್ಟರು. ಪರೀಕ್ಷೆ ಇದ್ದುದು ಮುಂದಿನ ಭಾನುವಾರ.

ಬುಧವಾರ ಮೊದಲ ಪಾಳಿ ಮುಗಿಸಿ, ನಿಜ ಹೇಳಿಬಿಡೋಣವೆಂದು ಹೋದೆ. ಗುರುಗಳು ಕೆಟ್ಟದ್ದೊಂದು, ಸರಿಯಿದ್ದದ್ದೊಂದು ಕಂಪ್ಯೂಟರನ್ನು ಅಕ್ಕಪಕ್ಕ ಇಟ್ಟುಕೊಂಡು ಕೂತಿದ್ದರು.

"ಪೆನ್ ಡ್ರೈವ್ ಹಾಕಿದ್ದೆ ರೀ ಸರ. ಸುಳ್ಳ ಹೇಳಿದ್ನಿ."

"ಗೊತ್ತು. ಕುಂತ್ಕೋ." ತಿರುಗಿ ನೋಡಲಿಲ್ಲ. "ಎಲ್ಡ್ ಕಿತ ಸಾಫ್ಟ್‌ವೇರ್ ತೆಗೆದು ಮತ್ತೆ ಆಕ್ದೆ, ಅದೇ ಕೆಂಪು ಸಾಲು. ಕಂಪೈಲರ್ ಇಂತಾ ಕಡೆ ಐತೆ ಅಂತ ಸೆಟ್ಟಿಂಗ್‌ನಲ್ಲಿ ಬರ್ದೈತೆ. ಓಗಿ ನೋಡುದ್ರೆ ಇಲ್ಲ. ವಿಳಾಸ ಐತೆ, ಮನೆ ಇಲ್ಲ. ವೈರಸ್ಸು ಇಂಗೆ ಅಚ್ಚುಕಟ್ಟಾಗಿ ಒಂದೊಂದೇ ಮನೆ ಎತ್ಕೊಂಡೋಗ್ತದಾ?"

ಕಂಪೈಲರಿನ ಕಡತದ ಹೆಸರು ಕೊಟ್ಟು ಇಡೀ ಡ್ರೈವನ್ನು ಹುಡುಕಿಸಿದರು. ಸಿಕ್ಕಿತು. ‘ಅಟ್ಟ’ ಎಂಬ ಫೋಲ್ಡರಿನೊಳಗಿತ್ತು. ಪಕ್ಕದಲ್ಲಿ ಪೂಜೆಯ ಶನಿವಾರದ ತಾರೀಖು.

ಅವರ ಕೈ ಮೌಸಿನಿಂದ ಕೆಳಗಿಳಿಯಿತು. ಹಬ್ಬಕ್ಕೆ ಮನೆ ಚೊಕ್ಕಟ ಮಾಡುವವರು, ಏನೆಂದು ಗೊತ್ತಾಗದ, ಎಸೆಯಲೂ ಮನಸ್ಸಾಗದ ಸಾಮಾನನ್ನೆಲ್ಲ ಅಟ್ಟಕ್ಕೆ ಹಾಕುವಂತೆ, ಪೂಜೆಗೆ ಮೊದಲು ಕಂಪ್ಯೂಟರುಗಳ ಧೂಳು ಒರೆಸಿದ ಗುರುಗಳೇ ಒಳಗನ್ನೂ ಚೊಕ್ಕಟ ಮಾಡೋಣವೆಂದು ಹೊರಟು, ಗುರುತು ಸಿಗದ ಫೋಲ್ಡರುಗಳನ್ನೆಲ್ಲ ಒಂದರೊಳಗೆ ತಳ್ಳಿದ್ದರು. ಹನ್ನೆರಡು ವರ್ಷದಲ್ಲಿ ಅಷ್ಟು ಫೋಲ್ಡರುಗಳು ಸೇರಿಕೊಂಡಿದ್ದವು. ತಾವೇ ಇಟ್ಟದ್ದರ ಗುರುತು ಅವರಿಗೇ ಹತ್ತಿರಲಿಲ್ಲ. ಗೋಡೆ ಸಾಲು ಮುಗಿಯುವಷ್ಟರಲ್ಲಿ ಬೂದುಗುಂಬಳ ಒಡೆಯಲು ಕರೆ ಬಂದದ್ದರಿಂದ ಕಿಟಕಿ ಸಾಲು ಉಳಿದುಕೊಂಡಿತ್ತು.

ಅವರು ಫೋಲ್ಡರನ್ನು ಹಳೆಯ ಜಾಗಕ್ಕೆ ಎಳೆದು ಪ್ರೋಗ್ರಾಮ್ ಓಡಿಸಿದರು. ಓಡಿತು. "ಈಗ ಓಗು," ಎಂದರು. ಅಷ್ಟೆ.

ಮೆಟ್ಟಿಲಿಳಿಯುವಾಗ ಅನುಮಾನದ ಸರದಿ ನನ್ನದಾಯಿತು. ಕಂಡವರು ನಾವಿಬ್ಬರೇ. ಏಳನ್ನೂ ಸರಿಪಡಿಸಿ ಅವರು ಸುಮ್ಮನಿದ್ದುಬಿಟ್ಟರೆ, ರಿಜಿಸ್ಟರಿನಲ್ಲಿ ಉಳಿಯುವುದು ನನ್ನ ಹೆಸರೇ. ಸುಳ್ಳು ಹೇಳಿದವನೆಂದು ನಾನೇ ಒಪ್ಪಿಕೊಂಡೂ ಬಂದಿದ್ದೆ. ಮೂರು ದಿನ ಪ್ರೆಸ್ಸಿನ ಮುಂದೆ ನಿಂತು ಆ ಮನುಷ್ಯನನ್ನು ಮನಸ್ಸಿನಲ್ಲೇ ಬೈದೆ. ಈ ಮಾತನ್ನು ಅವರಿಗೆ ಇಂದಿನವರೆಗೆ ಹೇಳಿಲ್ಲ, ಇಲ್ಲಿ ಹೇಳುತ್ತಿದ್ದೇನೆ.

ಭಾನುವಾರ ಪರೀಕ್ಷೆಗೆ ಮೊದಲು ಗುರುಗಳು ಮೇಡಮ್ಮನವರನ್ನೂ ನನ್ನನ್ನೂ ಕರೆಸಿ, ಎಲ್ಲರೆದುರು ರಿಜಿಸ್ಟರನ್ನು ಗಟ್ಟಿಯಾಗಿ ಓದಿದರು: ಮೊದಲು ನನ್ನ ಮೇಲಿನ ದೂರು, ಅದರ ಕೆಳಗೆ ತಾವು ಬರೆದದ್ದು. "ಏಳೂ ಕೆಡಿಸಿದ್ದು ನಾನು, ಮೇಡಂ. ಇವನ ತಪ್ಪು ಪೆನ್ ಡ್ರೈವ್ ತಂದಿದ್ದು, ಸುಳ್ ಏಳಿದ್ದು. ಅದ್ಕೆ ಒಂದ್ ತಿಂಗ್ಳು ಲ್ಯಾಬ್ ಗುಡಿಸ್ಲಿ. ಪರೀಕ್ಷೆ ಬರೀಲಿ." ಆಮೇಲೆ ನನ್ನ ಕಡೆ ತಿರುಗಿ, "ತಪ್ಪಾಯ್ತು ಕಣಪ್ಪಾ," ಎಂದರು. ಹಾಗೆಂದವರು ನನ್ನನ್ನು ಒಳಗೆ ಬಿಡುವ ಮುನ್ನ ಜೇಬು ತಡವಿ ನೋಡುವುದನ್ನು ಮರೆಯಲಿಲ್ಲ.

ಆಡಳಿತ ಮಂಡಳಿ ಆರು ತಿಂಗಳು ಲ್ಯಾಬಿನ ಉಸ್ತುವಾರಿಯಿಂದ ಅವರನ್ನು ಇಳಿಸಿತು. ತಮ್ಮ ಲ್ಯಾಬಿನಲ್ಲೇ ಸಹಾಯಕರಾಗಿ ನಿಂತು ಒಂದು ಭಾನುವಾರವೂ ತಪ್ಪಿಸದೆ ಕಲಿಸಿದರು. ಡಿಸೆಂಬರಿನಲ್ಲಿ ನಾನು ಪ್ರೆಸ್ ಬಿಟ್ಟೆ, ಹತ್ತೂ ಬೆರಳಿನೊಂದಿಗೆ. ಮುಂದೆ ಅವರ ಕೈಕೆಳಗೇ ಬೋಧಕನಾಗಿ ಸೇರಿದೆ.

ಕಳೆದ ತಿಂಗಳು ಮಹಾದೇವಿ ಎಂಬ ವಿದ್ಯಾರ್ಥಿನಿಯ ಕಂಪ್ಯೂಟರ್ ಕೆಟ್ಟಾಗ, "ಏನ್ ಮುಟ್ಟಿದ್ಯವ್ವಾ?" ಎಂದು ನಾನು ಜೋರು ಮಾಡಿದೆ. ಹಿಂದೆ ಕೂತಿದ್ದ ಗುರುಗಳು ಕನ್ನಡಕ ತೆಗೆದು, "ನೀನೇನ್ ಮುಟ್ಟಿದ್ದೆ, ಮೊದ್ಲು ಅದ್ನ ಏಳು," ಎಂದರು. ಹಿಂದಿನ ದಿನ ಅದರ ಸೆಟ್ಟಿಂಗ್ ಬದಲಿಸಿದ್ದು ನಾನೇ. ನಾಳೆಯಿಂದ ಹಾಗೆ ಕೇಳುವವರು ಲ್ಯಾಬಿನಲ್ಲಿ ಇರುವುದಿಲ್ಲ. ಆದುದರಿಂದ ಪೂಜ್ಯ ನಲ್ಲಪ್ಪನವರಿಗೆ ದೀರ್ಘಾಯುಸ್ಸನ್ನು ಕೋರುವಾಗ ನನ್ನ ಸ್ವಾರ್ಥವೂ ಅದರಲ್ಲಿ ಸೇರಿದೆ: ಅವರ ಕಾಲಿಗೆ ಬೇಗೂರಿನಿಂದ ಇಲ್ಲಿಗೆ ಬರುವ ಕಸುವು, ಕಣ್ಣಿಗೆ ನಮ್ಮನ್ನು ಶಂಕಿಸುವ ಚುರುಕು ಬಹುಕಾಲ ಉಳಿಯಲಿ. ಭಾನುವಾರಗಳಂದು ಹಿಂದಿನ ಸಾಲಿನ ಅವರ ಕುರ್ಚಿಯಲ್ಲಿ ನಾವು ಬೇರೆ ಯಾರನ್ನೂ ಕೂರಿಸುವುದಿಲ್ಲ.