ಬಿದ್ದ ಪೆಟ್ಟು, ಹತ್ತಿದ ಪೆಟ್ಟು

ಅಡುಗೆ ಮನೆಯಲ್ಲಿ ಒಗ್ಗರಣೆಗೆ ಎಣ್ಣೆ ಇಟ್ಟು ಸಾಸಿವೆ ಹಾಕಿದ್ದೆ, ಫೋನ್ ಬಂತು. ನನ್ನ ಗಂಡನ ಜೊತೆ ಕೆಲಸ ಮಾಡುವ ಹಾಲೇಶ. ಆ ಕಡೆ ಗಾಳಿ ಹೋ ಎಂದು ಬೀಸುತ್ತಿತ್ತು. “ಅಕ್ಕಾರ, ಗಾಬ್ರಿ ಆಗಬ್ಯಾಡ್ರಿ. ಮಹೇಶಣ್ಣಗ ಪೆಟ್ಟು ಹತ್ಯಾವ,” ಅಂದ. ನನ್ನ ಮೈಸೂರು ಕಿವಿಗೆ ಕೇಳಿಸಿದ್ದು ಎರಡೇ ಪದ: ಪೆಟ್ಟು, ಹತ್ತು. “ಹತ್ತು ಪೆಟ್ಟಾ? ಯಾರ್ರೀ ಹೊಡೆದಿದ್ದು ನನ್ನ ಗಂಡನಿಗೆ?” ಎಂದು ಕಿರುಚಿದೆ. “ಯಾರೂ ಹೊಡದಿಲ್ರಿ. ಫ್ಯಾನಿನ ಏಣಿಯಿಂದ ಜಾರಿಬಿಟ್ಟಾರ,” ಅಂದ. ಅದು ತಲೆಗೆ ಇಳಿಯುವಷ್ಟರಲ್ಲಿ ಸಾಸಿವೆ ಸೀದು ಮನೆ ತುಂಬ ಹೊಗೆಯಾಗಿತ್ತು.

ಫ್ಯಾನು ಎಂದರೆ ನಿಮ್ಮ ಮನೆಯ ಸೂರಿನಲ್ಲಿ ತಿರುಗುವುದಲ್ಲ. ಹರಪನಹಳ್ಳಿ, ಹಡಗಲಿ ಕಡೆಯ ಗುಡ್ಡಗಳ ಮೇಲೆ ಕರೆಂಟು ಮಾಡಲು ನಿಲ್ಲಿಸಿರುವ ಗಾಳಿಯಂತ್ರಗಳಿಗೆ ಇಲ್ಲಿಯವರು ಫ್ಯಾನು ಅಂತಾರೆ. ಅವುಗಳ ಕಂಬದ ಹೊಟ್ಟೆಯೊಳಗೆ ಏಣಿ ಇರುತ್ತದೆ. ಅದನ್ನು ಹತ್ತಿ ಮೇಲಿನ ಯಂತ್ರ ರಿಪೇರಿ ಮಾಡುವುದು ಮಹೇಶರ ಕೆಲಸ. ಆ ಕೆಲಸ ಹಿಡಿದೇ ನಾವು ಮೈಸೂರು ಬಿಟ್ಟು ಕೊಟ್ಟೂರಿಗೆ ಬಂದದ್ದು.

ಬಂದ ಹೊಸದರಲ್ಲಿ ನನಗೆ ಈ ಊರಿನ ಮೇಲೆ ಬರೀ ಸಿಟ್ಟು. ಅಲ್ಲಿ ನಾವು ಕಡ್ಲೆಪುರಿ ಅಂತ ಸಂಜೆಗೆ ಒಂದು ಹಿಡಿ ಬಾಯಿಗೆ ಹಾಕಿಕೊಳ್ಳುವುದನ್ನು ಇಲ್ಲಿ ಮಂಡಕ್ಕಿ ಅಂತ ಕರೆದು, ನೆನೆಸಿ, ಒಗ್ಗರಣೆ ಹಾಕಿ, ಪಕ್ಕದಲ್ಲಿ ಮೆಣಸಿನಕಾಯಿ ಬಜ್ಜಿ ಇಟ್ಟು ಬೆಳಿಗ್ಗೆ ಬೆಳಿಗ್ಗೆಯೇ ತಿನ್ನುತ್ತಾರೆ. ಮೊದಲ ದಿನ ಕಣ್ಣಲ್ಲಿ ನೀರು ಬಂದಿತ್ತು. ಈಗ ವಾರಕ್ಕೊಮ್ಮೆ ಅದಿಲ್ಲದಿದ್ದರೆ ಬಾಯಿ ಚಪ್ಪೆ. ಬಾಡಿಗೆ ಮನೆ ಸಿಕ್ಕಿದ್ದು ಮಹಡಿಯ ಮೇಲೆ. ಹೊರಗಿನಿಂದ ಮೆಟ್ಟಿಲು, ಹಿಡಿದುಕೊಳ್ಳಲು ಕಂಬಿಯಿಲ್ಲ. ಕೆಳಗೆ ಮಾಲೀಕರಾದ ಕೊಟ್ರಮ್ಮ. ಅರವತ್ತು ದಾಟಿದ ಗಟ್ಟಿ ಹೆಂಗಸು. ಮಗನ ಕಾಳಿನ ಅಂಗಡಿಯನ್ನೂ ಬೀದಿಯ ಜಗಳಗಳನ್ನೂ ಕಟ್ಟೆಯ ಮೇಲೆ ಕೂತೇ ನಡೆಸುವವರು. ನನಗೆ ಅವರಿಟ್ಟ ಹೆಸರು ಮೈಸೂರವ್ವ. “ಮೈಸೂರವ್ವಾ, ರೊಟ್ಟಿ ಬಡಿಯಾಕ ಬರದಿಲ್ಲಂತ, ಮತ್ತ ಗಂಡನ್ನ ಹ್ಯಾಂಗ ಸಾಕ್ತೀಯ?” ಎಂದು ಛೇಡಿಸುತ್ತಿದ್ದರು. ನಾನೂ ಬಿಡುತ್ತಿರಲಿಲ್ಲ. “ಅವರೇ ನನ್ನ ಸಾಕ್ತಾರೆ ಬಿಡಿ,” ಅನ್ನುತ್ತಿದ್ದೆ.

ಏಣಿಯಿಂದ ಕಾಲು ಜಾರಿದಾಗ ಸೊಂಟದ ಬೆಲ್ಟಿನ ಕೊಕ್ಕೆ ಮಹೇಶರನ್ನು ಹಿಡಿದು ನಿಲ್ಲಿಸಿತ್ತು. ಜೀವ ಉಳಿಯಿತು. ಆದರೆ ಜಗ್ಗಿದ ರಭಸಕ್ಕೆ ಏಣಿಗೆ ಬಡಿದು ಭುಜ ಕಳಚಿತು, ಮೊಣಕಾಲಿನ ಮೂಳೆ ಬಿರಿಯಿತು. ಹಾಲೇಶ ಮೇಲೆ ಹತ್ತಿ ಬರುವ ತನಕ ಆ ಕತ್ತಲ ಕೊಳವೆಯಲ್ಲಿ ಒಬ್ಬರೇ ನೇತಾಡುತ್ತಿದ್ದರು. ದಾವಣಗೆರೆಯ ಆಸ್ಪತ್ರೆಯಲ್ಲಿ ಮೂಳೆ ಕೂಡಿಸಿದರು. ಆ ವಿಭಾಗದ ಬಾಗಿಲ ಮೇಲೆ ಕನ್ನಡದಲ್ಲೇ ‘ಟ್ರಾಮಾ’ ಅಂತ ಬರೆದಿತ್ತು. ಅಪಘಾತದಲ್ಲಿ ಮೈಗೆ ಪೆಟ್ಟಾದವರನ್ನು ನೋಡುವ ಜಾಗ ಎಂದು ನರ್ಸಮ್ಮ ಹೇಳಿದರು. ಆಸ್ಪತ್ರೆಯ ಹತ್ತಿರವೇ ಬಾಡಿಗೆ ಕೋಣೆ ಹಿಡಿದು ಕೆಲವು ತಿಂಗಳು ಕಳೆದೆವು. ಆಮೇಲೆ ಡಾಕ್ಟರು ಎಕ್ಸ್‌ರೇ ಬೆಳಕಿಗೆ ಹಿಡಿದು, “ಪೂರ್ತಿ ಕೂಡಿದೆ, ಇನ್ನು ಕೆಲಸಕ್ಕೆ ಹೋಗಬಹುದು,” ಅಂದರು. ನಾನು ಬಸ್‌ಸ್ಟ್ಯಾಂಡಿನಲ್ಲೇ ಅಮ್ಮನಿಗೆ ಫೋನ್ ಹಚ್ಚಿ ಖುಷಿ ಹಂಚಿಕೊಂಡೆ.

ಕೊಟ್ಟೂರಿಗೆ ಬಂದು ಮೆಟ್ಟಿಲ ಬುಡದಲ್ಲಿ ನಿಂತ ಮಹೇಶ ಮೇಲೆ ಹತ್ತಲಿಲ್ಲ. ಮೊದಲ ಮೆಟ್ಟಿಲ ಮೇಲೆ ಕಾಲಿಟ್ಟರು, ತೆಗೆದರು. ಮತ್ತೆ ಇಟ್ಟರು. ಅಂಗಿ ಬೆವರಿನಲ್ಲಿ ತೊಯ್ದುಹೋಗಿತ್ತು. “ಕಾಲು ನೋಯುತ್ತಾ?” ಎಂದರೆ “ಇಲ್ಲ ಕಣೇ” ಎಂದರು. “ಮತ್ತೇನ್ರೀ ನಿಮ್ಮ ರಗಳೆ? ಬೀದಿಯವರೆಲ್ಲ ನೋಡ್ತಿದ್ದಾರೆ!” ಎಂದು ಗದರಿದೆ. ಕಟ್ಟೆಯ ಮೇಲಿದ್ದ ಕೊಟ್ರಮ್ಮ ನನಗಿಂತ ಜೋರಾಗಿ ಗದರಿದರು: “ಏ ಸುಮ್ನಿರು! ಅವನ್ನ ಯಾಕ ಬೈತೀ? ಅಂಜಿಕಿ ಹತ್ತೈತಿ ಅವಗ. ಇಲ್ಲೇ ಪಡಸಾಲ್ಯಾಗ ಮಲಗ್ಲಿ.” ಆವತ್ತಿನಿಂದ ನನ್ನ ಗಂಡ ಕೆಳಗೆ, ನಾನು ಮೇಲೆ. ಊಟದ ತಟ್ಟೆ ಹಿಡಿದು ದಿನವೂ ಇಳಿಯುತ್ತಿದ್ದೆ.

ಈ ‘ಹತ್ತು’ ಎಂಬ ಪದ ನನ್ನನ್ನು ಬಹಳ ಕಾಡಿಸಿದೆ. ನಮ್ಮ ಕಡೆ ಹತ್ತುವುದು ಎಂದರೆ ಬಸ್ಸು, ಬೆಟ್ಟ, ಮೆಟ್ಟಿಲು. ಇಲ್ಲಿ ಪೆಟ್ಟು ಹತ್ತುತ್ತದೆ, ಮಳೆ ಹತ್ತುತ್ತದೆ, ಅಂಜಿಕೆಯೂ ಹತ್ತುತ್ತದೆ. ಸಾಲದ್ದಕ್ಕೆ, ಯಾರಾದರೂ ಅಳುತ್ತಿದ್ದರೆ ‘ಅಳಾಕ ಹತ್ಯಾಳ’ ಅಂತಾರೆ. ಅಂದರೆ ಇನ್ನೂ ಅಳುತ್ತಿದ್ದಾಳೆ, ನಿಂತಿಲ್ಲ ಅಂತ. ಮೈಸೂರಿನಲ್ಲಿ ನಾವು ‘ಪೆಟ್ಟು ಬಿತ್ತು’ ಅನ್ನುತ್ತೇವೆ. ಬಿದ್ದದ್ದು ಬಿತ್ತು, ಮುಗಿಯಿತು, ಮುಲಾಮು ಹಚ್ಚು. ಹತ್ತಿದ್ದು ಹಾಗಲ್ಲ, ಅಂಟಿಕೊಂಡಿರುತ್ತದೆ. ಇದು ನನಗೆ ಹೊಳೆದದ್ದು ಒಂದು ಸಂಜೆ, ಮಹೇಶ ಪಡಸಾಲೆಯ ಗೋಡೆಗೆ ಒರಗಿ ಕೂತಲ್ಲೇ ಬೆಚ್ಚಿ ಸೊಂಟ ಮುಟ್ಟಿ ನೋಡಿಕೊಂಡಾಗ. ಬೆಲ್ಟು ಹುಡುಕುತ್ತಿದ್ದರು.

ಕೊಟ್ರಮ್ಮನಿಗೆ ತಮ್ಮದೇ ಮದ್ದು ಗೊತ್ತಿತ್ತು. ಕುಡುಗೋಲನ್ನು ಒಲೆಯಲ್ಲಿ ಕೆಂಪಗೆ ಕಾಸಿ ಚೊಂಬಿನ ನೀರಿಗೆ ಚುಂಯ್ ಎನ್ನಿಸಿ, “ಕುಡಿಯಪ್ಪ, ಅಂಜಿಕಿ ಬಿಡತೈತಿ,” ಎಂದು ಕೊಟ್ಟರು. ಅವರು ಕುಡಿದರು. ಏನೂ ಬಿಡಲಿಲ್ಲ. ಕೊಟ್ರಮ್ಮನೇ ಬೇಸರಪಟ್ಟುಕೊಂಡು, “ಹೋಗ್ಲಿ ಬಿಡವ್ವ, ನಮ್ಮ ಕುಡುಗೋಲು ಹಳೇದಾಗೈತಿ. ದೊಡ್ಡ ಡಾಕ್ಟರಿಗಾದ್ರೂ ತೋರಸು,” ಅಂದರು. ಹಾಲೇಶ ರಜೆ ಹಾಕಿ ಜೊತೆಗೆ ಬಂದ. ದಾವಣಗೆರೆಯಲ್ಲಿ ಮನಸ್ಸಿನ ಡಾಕ್ಟರಮ್ಮ ಎಲ್ಲ ಕೇಳಿಸಿಕೊಂಡು ಹೇಳಿದ್ದೂ ಅದೇ ಪದ, ಟ್ರಾಮಾ. ನನಗೆ ಸಿಟ್ಟೇ ಬಂತು. “ಅದು ವಾಸಿಯಾಯ್ತಲ್ಲ ಮೇಡಂ, ಮೂಳೆ ಕೂಡಿದೆ,” ಅಂದೆ. “ಮೂಳೆಗಾದದ್ದೂ ಗಾಯವೇ, ಇದೂ ಗಾಯವೇ. ನೇತಾಡಿದ ಆ ಹೊತ್ತು ಇವರಿಗೆ ಇನ್ನೂ ಮುಗಿದಿಲ್ಲ. ನಿಧಾನವಾಗಿ ಕಡಿಮೆಯಾಗುತ್ತೆ, ಆದರೆ ಬಲವಂತ ಮಾಡಬೇಡಿ,” ಅಂದರು. ಮಾತ್ರೆ ಬರೆದರು, ತಿಂಗಳಿಗೆರಡು ಸಲ ಬರಹೇಳಿದರು. ವಾಪಸು ಬರುವಾಗ ಬಸ್ಸಿನಲ್ಲಿ, ದೂರದ ಗುಡ್ಡದಲ್ಲಿ ಫ್ಯಾನುಗಳು ಕಂಡ ಕೂಡಲೇ ಮಹೇಶ ಕಣ್ಣು ಮುಚ್ಚಿದರು. ಹಾಲೇಶ ಕಿಟಕಿಯ ಪರದೆ ಎಳೆದ.

ಅಷ್ಟರಲ್ಲಿ ಕಂಪನಿಯವರು ದಾರಿ ತೋರಿಸಿದರು. ಏಣಿ ಹತ್ತಲಾಗದಿದ್ದರೆ ಮೈಸೂರಿನ ಗೋದಾಮಿನಲ್ಲಿ ಕೆಲಸ ಇದೆ, ಇಲ್ಲೇ ಇರುತ್ತೀರಾದರೆ ಹರಪನಹಳ್ಳಿ ಬಳಿಯ ಸ್ಟೋರಿನಲ್ಲಿ ನೆಲದ ಮೇಲಿನ ಕೆಲಸ, ಯೋಚಿಸಿ ಹೇಳಿ. ಯೋಚಿಸುವುದೇನು ಬಂತು! ನನ್ನ ಊರು, ನನ್ನ ಅಮ್ಮ, ಒಂದೂ ಫ್ಯಾನು ಕಾಣದ ಆಕಾಶ. ನಾನು ಮನಸ್ಸಿನಲ್ಲೇ ಪಾತ್ರೆ ಕಟ್ಟಿದ್ದೆ. ನೋಡಿ ಬರೋಣ ಎಂದು ಒಂದು ವಾರಕ್ಕೆ ಇಬ್ಬರೂ ಹೊರಟೆವು. ಅಣ್ಣನ ಮನೆಯಲ್ಲಿರುವ ಅಮ್ಮ ನಮಗಾಗಿ ಕೆಳಗಿನ ಕೋಣೆಗೆ ಸುಣ್ಣ ಹೊಡೆಸಿದ್ದಳು.

ಭಾನುವಾರ ಅಣ್ಣ ತಾರಸಿಯ ಮೇಲೆ ಊಟ ಇಟ್ಟುಕೊಂಡ. ಮಹೇಶ ಕೆಳಗೇ ತಿನ್ನುತ್ತೇನೆ ಅಂದರು. ಅಮ್ಮ ಅಕ್ಕರೆಯಿಂದಲೇ ಅಂದಳು: “ಕಾಲು ಸರಿಹೋಯ್ತಲ್ಲಪ್ಪ, ಇನ್ನು ಮನಸ್ಸು ಗಟ್ಟಿ ಮಾಡ್ಕೋ. ಎಷ್ಟು ದಿನ ಹೀಗೆ?” ಅಣ್ಣ ಮೇಲಿನಿಂದ ನಗುತ್ತಾ, “ಅಷ್ಟೆತ್ತರದ ಕಂಬ ಹತ್ತಿದೋರು, ನಮ್ಮನೆ ತಾರಸಿಗೆ ಹೆದರ್ತೀರಾ ಭಾವ?” ಅಂದ. ಎಲ್ಲರೂ ನಕ್ಕರು. ಮಹೇಶ ಹತ್ತಿದರು. ತುದಿ ಮುಟ್ಟಿದವರು ಗೋಡೆಯನ್ನು ಅಪ್ಪಿಕೊಂಡು ನಿಂತುಬಿಟ್ಟರು, ಮುಖ ಬೂದಿಯಂತೆ. ಆಮೇಲೆ ಕುಳಿತುಕೊಂಡೇ, ಒಂದೊಂದೇ ಮೆಟ್ಟಿಲು ತೆವಳಿಕೊಂಡು ಇಳಿದರು. ಯಾರೂ ನಗಲಿಲ್ಲ ಈಗ. ಅಮ್ಮ ಮಾತ್ರ ನನ್ನ ಕಿವಿಯಲ್ಲಿ, “ಸ್ವಲ್ಪ ಜಾಸ್ತಿ ಆಯ್ತು ಕಣೇ ಇವರದು,” ಅಂದಳು. ನನಗೆ ಅಮ್ಮನ ಮೇಲೆ ಅಂಥ ಸಿಟ್ಟು ಹಿಂದೆಂದೂ ಬಂದಿರಲಿಲ್ಲ. ಅಂಥದೇ ಮಾತನ್ನು ನಾನೂ ಒಮ್ಮೆ ಬೀದಿಯಲ್ಲಿ ನಿಂತು ಅಂದಿದ್ದೆನಲ್ಲ ಎಂಬ ಉರಿಯೂ ಅದರಲ್ಲಿ ಇತ್ತೇನೋ.

ಸುಣ್ಣ ಹೊಡೆಸಿದ ಕೋಣೆಯಲ್ಲಿ ಮಹೇಶ ಬಾಗಿಲು ಹಾಕಿಕೊಂಡು ಕೂತಿದ್ದರು. “ಊರಿಗೆ ಹೋಗೋಣ ಕಣೇ,” ಅಂದರು.

“ಊರಲ್ಲೇ ಇದೀವಲ್ರೀ.”

“ಕೊಟ್ಟೂರಿಗೆ. ಅಲ್ಲಿ ಯಾರೂ ಹತ್ತು ಅನ್ನಲ್ಲ.”

ಮರುದಿನವೇ ಹೊರಟು ಬಂದೆವು. ನಮ್ಮನ್ನು ನೋಡಿ ಕೊಟ್ರಮ್ಮ, “ಬಂದ್ರೇನು? ಉಂಡೀರೋ ಇಲ್ಲೋ?” ಎಂದು ಕೇಳಿದರು, ಅಷ್ಟೇ. ಕಾಳಿನ ಚೀಲಗಳನ್ನು ಅಂಗಡಿಗೆ ಸಾಗಿಸಿ ಕೆಳಗಿನ ಎರಡು ಕೋಣೆಗಳನ್ನು ನಮಗೆ ಬಿಡಿಸಿಕೊಟ್ಟರು. ಈ ಊರಿನವರೆಲ್ಲ ದೇವರಂಥವರು ಎಂದು ನಾನು ಹೇಳುತ್ತಿಲ್ಲ. ‘ಪಾಪ, ಗಂಡಗ ಹಿಂಗಾತಲ್ಲ’ ಎಂದು ಅಂಗಡಿಯಲ್ಲಿ ಲೊಚಗುಟ್ಟುವವರು ಇಲ್ಲೂ ಇದ್ದಾರೆ. ಧೂಳು, ಬಿಸಿಲು, ಉಪ್ಪು ನೀರು ಯಾವುದೂ ನನಗೆ ಒಗ್ಗಿಲ್ಲ. ಫ್ಯಾನುಗಳೂ ಇಲ್ಲೇ ಇವೆ. ಅವು ಕಾಣುವ ರಸ್ತೆಯಲ್ಲಿ ಮಹೇಶ ಇವತ್ತಿಗೂ ತಲೆ ತಗ್ಗಿಸಿಯೇ, ಸದ್ಯಕ್ಕೆಂದು ಕೊಟ್ಟ ಸ್ಟೋರಿನ ಕೆಲಸಕ್ಕೆ ಹೋಗಿ ಬರುತ್ತಾರೆ. ಆದರೂ ಸಂಜೆ ಕಟ್ಟೆಯ ಮೇಲೆ ಹಾಲೇಶನ ಜೊತೆ ಕೂತಾಗ ಕೆಲವೊಮ್ಮೆ ಜೋರಾಗಿ ನಗುತ್ತಾರೆ. ಆ ನಗು ಕೇಳಿಸಿದರೆ ಒಳಗೆ ರೊಟ್ಟಿ ಬಡಿಯುತ್ತಿರುವ ನನ್ನ ಕೈ ನಿಲ್ಲುತ್ತದೆ.

ಮೊನ್ನೆ ಕಂಪನಿಯವರು ಕೊನೆಯ ಉತ್ತರ ಕೇಳಿದರು. ಮಹೇಶ ಫೋನನ್ನು ಪಕ್ಕಕ್ಕಿಟ್ಟು, “ನೀನು ಹೇಳಿದ ಹಾಗೆ. ನಿನಗೆ ಬೇಕಾದರೆ ಮೈಸೂರೇ ಆಗಲಿ,” ಅಂದರು.

“ನನಗೂ ಇಲ್ಲೇ ಹಿಡಿಸಿದೆ,” ಅಂದೆ.

“ಸುಳ್ಳು ಹೇಳ್ತಿದೀಯ.”

“ಹೌದು, ಸುಳ್ಳೇ. ಇರಲಿ, ಬರಲ್ಲ ಅಂತ ಹೇಳಿಬಿಡಿ.”

ಅವರು ಹೇಳಿದರು. ನಾನು ಹಿತ್ತಲಿಗೆ ಹೋಗಿ ಹೊಟ್ಟೆತುಂಬ ಅತ್ತೆ. ಊರಿನಲ್ಲಿ ಅಮ್ಮ ಆ ಕೋಣೆಗೆ ಹೊಸ ಪರದೆ ಹಾಕಿಸಿದ್ದಾಳಂತೆ, ಮಂಚ ಯಾವ ಕಡೆ ಇಡಲಿ ಎಂದು ನಿನ್ನೆಯೂ ಫೋನ್ ಮಾಡಿ ಕೇಳಿದಳು. ಆಮೇಲೆ ಹೇಳ್ತೀನಿ ಎಂದು ಫೋನ್ ಇಟ್ಟುಬಿಟ್ಟೆ. ಪತ್ರಿಕೆಯಲ್ಲಿ ನನ್ನ ಹೆಸರು ಕಂಡರೆ ಕನ್ನಡಕ ಒರೆಸಿಕೊಂಡು ಪೂರ್ತಿ ಓದುತ್ತಾಳೆ ಎಂದು ಗೊತ್ತು, ಅದಕ್ಕೇ ಇಲ್ಲಿ ಬರೆದಿದ್ದೇನೆ. ಅಮ್ಮಾ, ನಾವು ಬರುತ್ತಿಲ್ಲ.