ಹಾಸಿಗಿ ಹಿಡದವರು ಅದಾರೇನ್ರಿ?

ಬಾಡಿಗೆ ಮನೆ ಕೇಳಲು ಬಂದವರನ್ನು ನಾನು ಕೂಡಿಸುವುದಿಲ್ಲ. ಕೂತವರಿಗೆ ಚಹಾ ಕೊಡಬೇಕಾಗುತ್ತದೆ, ಚಹಾ ಕುಡಿದವರಿಗೆ ಇಲ್ಲ ಅನ್ನುವುದು ಕಷ್ಟ. ಕಟ್ಟೆಯ ಮೇಲೆ ನಿಲ್ಲಿಸಿಯೇ ಕೇಳುತ್ತೇನೆ: ನೌಕರಿ ಎಲ್ಲಿ, ಮಂದಿ ಎಷ್ಟು, ಮತ್ತು ಕೊನೆಗೆ, "ಹಾಸಿಗಿ ಹಿಡದವರು ಯಾರರ ಅದಾರೇನ್ರಿ?" ಕೆಲವರು ಅರ್ಥವಾಗದೆ ನಗುತ್ತಾರೆ. ಅರ್ಥವಾದವರು ನಗುವುದಿಲ್ಲ.

ಹಾನಗಲ್ಲಿನಲ್ಲಿ ನಾವಿರುವ ಮನೆ, ಅದರ ಹಿಂದೆ ಒಂದೇ ಸಾಲಿಗೆ ನಾಲ್ಕು ಬಾಡಿಗೆ ಮನೆ, ಸವಣೂರಿನಲ್ಲಿ ಇನ್ನೊಂದು, ಶಿಗ್ಗಾವಿಯಲ್ಲಿ ಒಂದು ಖಾಲಿ ಪ್ಲಾಟು. ಬೇರೆಯವರು ಹೊಲ ಕೊಂಡಾಗ ನನ್ನ ಗಂಡ ಇಟ್ಟಿಗೆ ಕೊಂಡರು. "ಹೊಲಾ ಮಳಿ ಕೇಳತೈತಿ, ಆಳು ಕೇಳತೈತಿ. ಮನಿ ಏನೂ ಕೇಳೂದಿಲ್ಲ" ಅನ್ನುತ್ತಿದ್ದರು. ಕಟ್ಟಿಸುವುದು ಅವರ ಕೆಲಸ. ಮಂದಿಯನ್ನು ಇಡುವುದು, ಬಿಡಿಸುವುದು ನನ್ನದು. ಹೀಗಾಗಿ ಓಣಿಯಲ್ಲಿ ಅವರು ದೇವರಂಥವರು, ನಾನು ಗಯ್ಯಾಳಿ. ಇಬ್ಬರಿಗೂ ಅನುಕೂಲವಾಗಿಯೇ ಇತ್ತು.

ಆ ಪ್ರಶ್ನೆ ಕಲಿಸಿದ್ದು ಸವಣೂರಿನ ಮನೆ. ಅಲ್ಲಿ ಬಾಡಿಗೆಗಿದ್ದವನ ಕಾಕಾ ಪಂಚಕದಲ್ಲಿ ತೀರಿಕೊಂಡ. ಪಂಚಕವೆಂದರೆ ತಿಂಗಳಿಗೊಮ್ಮೆ ಸಾಲಾಗಿ ಬರುವ ಐದು ಕೆಟ್ಟ ನಕ್ಷತ್ರ. ಆ ದಿನಗಳಲ್ಲಿ ಮನೆಯೊಳಗೆ ಸಾವಾದರೆ ಎಲ್ಲರೂ ಹೊರಬಿದ್ದು, ಬಾಗಿಲಿಗೆ ಜಾಲಿಮುಳ್ಳು ಹಚ್ಚಿ, ಮೂರು ತಿಂಗಳು ಮನೆ ಮುಚ್ಚಬೇಕು. ಲಿಂಗ ಕಟ್ಟಿದವರಿಗೆ ಸೂತಕವಿಲ್ಲ ಎಂದು ಊರಿಗೆಲ್ಲ ಹೇಳುವವರು ನಾವೇ. ನಕ್ಷತ್ರದ ಮಾತು ಬಂದರೆ ಮೊದಲು ಪಂಚಾಂಗ ಬಿಚ್ಚುವವರೂ ನಾವೇ. ಮುಳ್ಳು ತೆಗೆದ ಮೇಲೂ ಒಂದು ವರ್ಷ ಆ ಮನೆಯನ್ನು ಯಾರೂ ಕೇಳಲಿಲ್ಲ.

ಹಾನಗಲ್ಲಿನ ಸಾಲಿನ ಕೊನೆಯ ಮನೆ ಕೇಳಲು ಹಿರೇಕೆರೂರ ಕಡೆಯ ಟೀಚರ್ ಬಂದಾಗಲೂ ಅದನ್ನೇ ಕೇಳಿದ್ದೆ. ಗಂಡ ತೀರಿದ ಹೆಣ್ಣುಮಗಳು, ಜೊತೆಗೆ ತಾಯಿ. ಉತ್ತರ ಕೊಟ್ಟವಳು ತಾಯಿ: "ನನ್ನ ಹಾಸಿಗಿ ನಾನ ಮಡಚತೇನಿ ತಂಗಿ." ಮುದುಕಿ ಚುರುಕಿದ್ದಳು. ಇಡೀ ದಿನ ಕಿಟಕಿಯಲ್ಲಿ ಕೂತು ರಸ್ತೆ ನೋಡುವವಳು, ನಾನು ಒಣಹಾಕಿದ ಸಂಡಿಗೆಗೆ ಕಾಗೆ ಬಂದರೆ ಅಲ್ಲಿಂದಲೇ ಬಯ್ದು ಓಡಿಸುತ್ತಿದ್ದಳು. ಬೈಗುಳದಲ್ಲಿ ನನಗಿಂತ ಒಂದು ಕೈ ಮೇಲೆ. ನನಗೆ ಅವಳು ಬಹಳ ಸೇರುತ್ತಿದ್ದಳು. ಆ ಮಾತನ್ನು ಅವಳಿಗೆ ಒಮ್ಮೆಯೂ ಹೇಳಲಿಲ್ಲ.

ಐದನೇ ವರ್ಷ ಅವಳ ಹೊಟ್ಟೆಯಲ್ಲಿ ಗಡ್ಡೆ ಕಂಡಿತು. ಹುಬ್ಬಳ್ಳಿಯ ಡಾಕ್ಟರು ಇನ್ನು ಮನೆಗೆ ಕರೆದುಕೊಂಡು ಹೋಗಿ ಎಂದರಂತೆ. ಅವರೇನೋ ಸುಲಭವಾಗಿ ಹೇಳಿದರು, ಆ ಮನೆ ನನ್ನದು. ಟೀಚರ್ ಹಳೆಯ ಸೀರೆಯ ಅಂಚು ಹರಿದು ಕಿಟಕಿಯ ಸರಳಿಗೆ ಕಟ್ಟಿದಳು. ಮುದುಕಿ ಅದನ್ನು ಹಿಡಿದೆಳೆದು ಎದ್ದು ಕೂತು ರಸ್ತೆ ನೋಡುತ್ತಿದ್ದಳು. ನಾನು ಕ್ಯಾಲೆಂಡರ್ ನೋಡಿದೆ. ಮುಂದಿನ ವಾರ ಪಂಚಕವಿತ್ತು.

"ಟೀಚರ್, ಅವ್ವನ್ನ ನಿಮ್ಮ ಮಂದಿ ಕಡೆ ಎಲ್ಲೆರ ಕರಕೊಂಡ ಹೋಗ್ರಿ. ಬೇಕಾರ ಆಮ್ಯಾಲೆ ನೀವು ತಿರಗಿ ಬರ್ರಿ."

"ಆಕೀಗೆ ಈ ಕಿಟಕಿ ಬಿಟ್ಟು ಬ್ಯಾರೆ ಏನೂ ಬ್ಯಾಡಾಗೇತ್ರಿ ಅಕ್ಕಾರ. ಇಲ್ಲೇ ಹೋಗಲಿ ಬಿಡ್ರಿ. ಎಂಟು ದಿನಾ, ಭಾಳಂದ್ರ ಹತ್ತು ದಿನಾ ಅಂದಾರ."

"ಎಂಟಕ್ಕ ಹೋಗ್ತಾಳೋ ಹತ್ತಕ್ಕ ಹೋಗ್ತಾಳೋ, ನಿಮ್ಮವ್ವ ಬರದು ಕೊಡತಾಳೇನು?"

ಒಳಗೆ ಮುದುಕಿಗೆ ಕೇಳಿಸಿತು. "ನಡಿ ಮಗಳ," ಎಂದಳು, "ಸಾಯೂದಕ್ಕ ಆಕಿ ಮನೀನ ಬೇಕೇನು?"

ನನ್ನ ಗಂಡ ಆ ದಿನ ಊಟಕ್ಕೆ ಕೂತು, "ಇದ್ರ ಇರಲಿ ಬಿಡು" ಎಂದರು. "ಸವಣೂರು ಮರತ್ರೇನು?" ಎಂದೆ. ಅವರು ಇನ್ನೊಂದು ರೊಟ್ಟಿ ಹಾಕಿಸಿಕೊಂಡರು. ಒಳ್ಳೆಯವರು ಅಷ್ಟೇ ಮಾಡುತ್ತಾರೆ.

ಮರುದಿನ ಟೆಂಪೋ ಬಂತು. ಮುದುಕಿಯನ್ನು ಹಾಸಿಗೆಯ ಸಮೇತ ಎತ್ತಿ ಮಲಗಿಸಿ, ಯಲವಿಗಿಯಲ್ಲಿದ್ದ ಟೀಚರ್‌ಳ ಚಿಗವ್ವನ ಮನೆಗೆ ಒಯ್ದರು. ಹೋಗುವ ಮುನ್ನ ಟೀಚರ್ ನೆಲ ಒರೆಸಿ ನನ್ನ ಕೈಗೆ ಕೀಲಿ ಕೊಟ್ಟಳು. "ಮನಿ ಸ್ವಚ್ಛ ಐತ್ರಿ, ನೋಡಕೊಳ್ರಿ." ನಾನು ನಿಜವಾಗಿಯೂ ಒಳಗೆ ಹೋಗಿ ನೋಡಿಕೊಂಡೆ. ಸೀರೆಯ ಅಂಚು ಒಂದನ್ನು ಬಿಟ್ಟು ಹೋಗಿದ್ದಳು.

ಬಾಡಿಗೆ ಏರಿಸಿದ್ದಕ್ಕೋ ಏನೋ, ಆ ಮನೆ ನಾಲ್ಕು ತಿಂಗಳಾದರೂ ಖಾಲಿಯೇ ಇತ್ತು. ಒಂದು ಬೆಳಿಗ್ಗೆ ಬಚ್ಚಲಿಗೆ ಹೋದ ನನ್ನ ಗಂಡ ತಿರುಗಿ ಬರಲಿಲ್ಲ. ಬಾಗಿಲು ಒಡೆದು ನೋಡಿದಾಗ ಮುಗಿದುಹೋಗಿತ್ತು. ಮಣ್ಣು ಮಾಡಿ ಬಂದ ಮೇಲೆ ಅಯ್ಯನವರು ಪಂಚಾಂಗ ಬಿಚ್ಚಿ ನನ್ನ ಮುಖ ನೋಡಿದರು. ಅವರು ಬಾಯಿ ತೆರೆಯುವ ಮೊದಲೇ ನನಗೆ ತಿಳಿಯಿತು.

ಮಣ್ಣಿಗೆ ಬಂದಿದ್ದ ಅಕ್ಕಿಆಲೂರಿನ ಅಣ್ಣ ಚಪ್ಪಲಿ ಮೆಟ್ಟಿಕೊಳ್ಳುತ್ತಲೇ ಹೇಳಿದ: "ಮೂರು ತಿಂಗಳು ಕಳೀಲಿ ತಂಗಿ, ಆಮ್ಯಾಲೆ ಎಷ್ಟು ದಿನಾ ಬೇಕಾರೂ ಬಂದಿರು. ಮನ್ಯಾಗ ಸಣ್ಣ ಕೂಸೈತಿ." ಸಿಟ್ಟು ನೆತ್ತಿಗೇರಿತು. ಆದರೆ ಯಾವ ಬಾಯಿಂದ ಬಯ್ಯಲಿ? ಬಾಡಿಗೆದಾರರಿಲ್ಲದೆ ಉಳಿದದ್ದು ಕೊನೆಯ ಮನೆ ಒಂದೇ. ನನ್ನ ಬಾಗಿಲಿಗೆ ಮುಳ್ಳು ಹಚ್ಚಿಸಿ, ಹಾಸಿಗೆ ಹೊತ್ತುಕೊಂಡು ಅಲ್ಲಿಗೆ ಹೋದೆ.

ನನ್ನ ಮೊಣಕಾಲು ಸರಿಯಿಲ್ಲ. ನೆಲದಿಂದ ಏಳಬೇಕಾದರೆ ಆ ಸೀರೆಯ ಅಂಚನ್ನೇ ಹಿಡಿಯುತ್ತಿದ್ದೆ. ಮೂರನೇ ವಾರ ಟೀಚರ್ ರೊಟ್ಟಿಬುತ್ತಿ ಕಟ್ಟಿಕೊಂಡು ನನ್ನನ್ನು ಮಾತಾಡಿಸಲು ಬಂದಾಗ ಅವಳ ಕಣ್ಣು ಮೊದಲು ಹೋದದ್ದು ಅಲ್ಲಿಗೆ. ಅವ್ವ ಹೇಗೆ ಹೋದಳೆಂದು ಕೇಳಿದೆ.

"ಇಲ್ಲಿಂದ ಹೋದ ಮ್ಯಾಲೆ ಐವತ್ತು ದಿನಾ ಇದ್ದಳ್ರಿ, ಚಿಗವ್ವನ ಮನಿ ಮೇವಿನ ಕ್ವಾಣ್ಯಾಗ. ಅಲ್ಲಿ ಕಿಟಕಿ ಇರಲಿಲ್ಲ. ರೈಲಿನ ಸಪ್ಪಳ ಕೇಳಿದಾಗೊಮ್ಮೆ, ಏನು ಹೊಂಟೈತಿ ನೋಡು ಅಂತಿದ್ದಳು."

ಎರಡು ಸಮಾಧಾನದ ಮಾತು ಹೇಳಬೇಕಾದ ಹೊತ್ತು ಅದು. ನಾನು ಕೇಳಿದ್ದು, "ಯಾವ ದಿನಾ ಹೋದಳು?" ಅವಳು ಹೇಳಿದಳು. ನನ್ನ ಕೈ ತಾನಾಗಿ ಗೋಡೆಯ ಕ್ಯಾಲೆಂಡರಿಗೆ ಹೋಯಿತು.

"ನಾ ನೋಡೇನ್ರಿ ಅಕ್ಕಾರ," ಎಂದಳು. "ಪಂಚಕ ಇರಲಿಲ್ಲ. ಇಲ್ಲೇ ಹೋಗಿದ್ರೂ ನಿಮ್ಮ ಮನಿಗೆ ಏನೂ ಆಗತಿರಲಿಲ್ಲ."

ಅವಳು ಹೋದ ಮೇಲೆ ರೊಟ್ಟಿ ಗಂಟಲಲ್ಲಿ ಇಳಿಯಲಿಲ್ಲ ಎಂದು ಬರೆದರೆ ಚಂದ ಕಾಣುತ್ತದೆ. ಇಳಿಯಿತು. ಹಸಿದಿದ್ದೆ.

ಮೂರು ತಿಂಗಳು ತುಂಬಿದ ದಿನ ಮುಳ್ಳು ಕೀಳಿಸಿ ನನ್ನ ಮನೆಗೆ ಮರಳಿದೆ. ಅದೇ ವಾರ ಕೊನೆಯ ಮನೆ ಕೇಳಲು ಗಂಡ ಹೆಂಡತಿ ಬಂದರು. ಕಟ್ಟೆಯ ಮೇಲೆ ನಿಲ್ಲಿಸಿ ಎಲ್ಲವನ್ನೂ ಕೇಳಿದೆ, ಕೊನೆಯದನ್ನೂ ಕೇಳಿದೆ. ಯಾರೂ ಇಲ್ಲ ಅಂದರು. ಒಳಗೆ ಹೋಗಿ ನೋಡಿದ ಹೆಂಡತಿ, "ಕಿಟಕಿಗೆ ಇದೇನು ಕಟ್ಟೀರಿ?" ಎಂದಳು.

"ನಂದ ಐತಿ, ಬಿಚ್ಚತೇನಿ" ಎಂದೆ. ಮುದುಕಿ ಎಳೆದೆಳೆದು, ಆಮೇಲೆ ನಾನು ಎಳೆದೆಳೆದು ಗಂಟು ಬಿಗಿದುಹೋಗಿತ್ತು. ನನ್ನ ಮನೆಯಿಂದ ಕುಡುಗೋಲು ತಂದು ಕೊಯ್ದು ಹಾಕಿದೆ.