ವಾರಗಿತ್ತಿಯ ವೈಫೈ

ನಮ್ಮೂರು ಮಂಡ್ಯ ತಾಲ್ಲೂಕು, ಕೊತ್ತತ್ತಿ ಕಡೆ, ನಾಲೆ ಬದಿ. ನಮ್ಮ ಮನೆ, ನನ್ನ ವಾರಗಿತ್ತಿ ಮನೆ ಎರಡೂ ಮೊದಲು ಒಂದೇ ಮನೆ. ಅಣ್ಣ ತಮ್ಮ ಭಾಗವಾದಾಗ ನಡುಮನೆಗೆ ಅಡ್ಡಲಾಗಿ ಒಂದು ಗೋಡೆ ಎದ್ದಿತು, ಅಷ್ಟೇ. ನನ್ನ ಗಂಡ ಅಣ್ಣ, ಅವಳ ಗಂಡ ತಮ್ಮ. ಹಾಗಾಗಿ ಅವಳು ನನ್ನನ್ನು ಅಕ್ಕಾ ಅಂತಾಳೆ, ನಾನು ಅವಳನ್ನು ಲೇ ಅಂತೀನಿ. ಅವಳು ಎರಡನೇ ಕ್ಲಾಸಿಗೇ ಸ್ಕೂಲು ಬಿಟ್ಟು ಹೆಬ್ಬೆಟ್ಟು ಒತ್ತೋಳು, ನಾನು ಎಸ್ಸೆಸ್ಸೆಲ್ಸಿ ಪಾಸಾದೋಳು. ಆದರೆ ಬಾಯಿ ಅಂತ ಬಂದರೆ ಅವಳ ಮುಂದೆ ನಾನು ಅಂಗನವಾಡಿ ಮಗು.

ಎರಡೂ ಮನೆಗೆ ಸೇರಿ ಇರೋ ಹೆಣ್ಣುಮಗು ಒಂದೇ, ಅವಳ ಮಗಳು. ನನಗಿರೋದು ಎರಡೂ ಗಂಡು. ಹುಡುಗಿ ಹುಟ್ಟೋ ಹೊತ್ತಿಗೆ ವಾರಗಿತ್ತಿಗೆ ತಾಯಿ ಇರಲಿಲ್ಲ. ಬಾಣಂತನ ಮಾಡಿದ್ದು ನಾನು, ಮಗೂನ ಕಾಲ ಮೇಲೆ ಹಾಕಿಕೊಂಡು ಎಣ್ಣೆ ನೀರು ಎರೆದಿದ್ದು ನಾನು. ದೊಡ್ಡವ್ವ ಅಂತ ಕರೆಯೋಕೆ ಕಲಿತ ಮೇಲೆ ಅವಳು ಉಂಡಿದ್ದು ಅರ್ಧ ಅಲ್ಲಿ, ಅರ್ಧ ಇಲ್ಲಿ. ಈಗ ಮಂಡ್ಯದಲ್ಲಿ ರಕ್ತ ಪರೀಕ್ಷೆ ಮಾಡೋ ಲ್ಯಾಬಿಗೆ ಕೆಲಸಕ್ಕೆ ಹೋಗ್ತಾಳೆ. ಬೆಳಿಗ್ಗೆ ಬಸ್ಸಿಗೆ ಹೋದರೆ ಸಾಯಂಕಾಲದ ಬಸ್ಸಿಗೆ ವಾಪಸ್ಸು.

ಆ ಮನೆಗೆ ವೈಫೈ ಬಂದಿದ್ದು ಅವಳ ಹಟಕ್ಕೆ. ಬಿಳೀ ಪೆಟ್ಟಿಗೇನ ಅದೇ ನಡುಗೋಡೆಗೆ, ದೇವರ ಫೋಟೋ ಪಕ್ಕದಲ್ಲಿ ಮೊಳೆ ಹೊಡೆದು ಕೂರಿಸಿದರು. ವಾರಗಿತ್ತಿ ಅದಕ್ಕೂ ಅರಿಶಿನ ಕುಂಕುಮ ಇಟ್ಟು ಕೈ ಮುಗಿದಳು. ಆಮೇಲೆ ಗೋಡೆ ಆಚೆಯಿಂದಲೇ ಕೂಗಿದಳು.

“ಅಕ್ಕಾ, ನಿನ್ ಫೋನ್ ತತ್ತಾ ಇಲ್ಲಿ. ನಮಗೊಂದು ನಿಮಗೊಂದು ಯಾಕೆ, ಇದೇ ಸಾಕಾಯ್ತದೆ.”

ಹುಡುಗಿ ನನ್ನ ಫೋನಿನ ಸೆಟ್ಟಿಂಗಿಗೆ ಹೋಗಿ, ಪಾಸ್‌ವರ್ಡ್ ಒತ್ತಿ, ಅದೇನಂತ ನನಗೂ ಹೇಳಿ, ಕೈಗಿಟ್ಟಳು. ನಾನು ಮನೆ ತುಂಬ ಫೋನ್ ಹಿಡಿದುಕೊಂಡು ಓಡಾಡಿ ನೋಡಿದೆ. ರಾಗಿ ಡಬ್ಬದ ಹತ್ತಿರ ಪೂರ್ತಿ ಸಿಗ್ನಲ್ಲು, ಜಗಲಿ ಮೇಲೆ ಪರವಾಗಿಲ್ಲ, ಕೊಟ್ಟಿಗೆಯಲ್ಲಿ ಒಂದೇ ಗೆರೆ. ಹಾಲು ಕರೆಯೋವಾಗ ಹಾಡು ಕೇಳೋಕೆ ಅದೂ ಸಾಕಿತ್ತು.

ತಪ್ಪು ಶುರುವಾಗಿದ್ದು ನನ್ನಿಂದಲೇ. ಈಗ ಒಪ್ಪಿಕೊಳ್ಳೋಕೆ ನನಗೇನು ನಾಚಿಕೆ ಇಲ್ಲ, ಆಗ ಇತ್ತು. ನಮ್ಮತ್ತೆ ನನಗೆ ಕಲಿಸಿದ್ದು ಒಂದು ಮಾತು: ನೀರು, ಬೆಂಕಿ, ಮೊಸರಿಗೆ ಹೆಪ್ಪು, ಈ ಮೂರನ್ನ ಬಾಗಿಲಿಗೆ ಬಂದು ಕೇಳಿದವರಿಗೆ ಇಲ್ಲ ಅನ್ನಬಾರದು. ನಾನು ಅದಕ್ಕೆ ವೈಫೈನೂ ಸೇರಿಸಿಕೊಂಡುಬಿಟ್ಟೆ. ಹೆಪ್ಪು ಕೊಟ್ಟರೆ ನಮ್ಮ ಮೊಸರೇನು ಕಮ್ಮಿ ಆಗುತ್ತಾ? ಹಾಗೇ ಇದೂ ಅಂದುಕೊಂಡೆ. ಮೊದಲು ಎದುರು ಮನೆಯವಳು ಕೇಳಿದಳು, ಕೊಟ್ಟೆ. ಪಾತ್ರೆ ಮಾರೋನು ಮಗಳಿಗೆ ವಿಡಿಯೋದಲ್ಲಿ ಮಾತಾಡಬೇಕು ಅಂದ, ಅವನಿಗೂ ಕೊಟ್ಟೆ. ಆಮೇಲೆ ಸ್ತ್ರೀಶಕ್ತಿ ಸಂಘದ ಹೆಂಗಸರೆಲ್ಲ ಕೇಳೋಕೆ ಶುರು ಮಾಡಿದರು. ಒಬ್ಬೊಬ್ಬರಿಗೂ ಹೇಳಿ ಹೇಳಿ ಸಾಕಾಗಿ, ಸೀಮೆಸುಣ್ಣ ತಗೊಂಡು ಪಾಸ್‌ವರ್ಡನ್ನ ಬಾಗಿಲ ಚೌಕಟ್ಟಿನ ಮೇಲೆ ದಪ್ಪಗೆ ಬರೆದುಬಿಟ್ಟೆ. ಯಾರದೋ ಮನೆ ವೈಫೈ, ನನ್ನದು ಧಾರಾಳ!

ಅದೇ ಸಮಯಕ್ಕೆ ಮಳವಳ್ಳಿ ಕಡೆಯಿಂದ ಹುಡುಗಿಗೆ ಒಂದು ಸಂಬಂಧ ಬಂತು. ಗಂಡಿನವರೆಲ್ಲ ಬಂದು ನೋಡಿಕೊಂಡು ಹೋದರು. ಗಂಡಿನ ಅಜ್ಜಿ ಕಾಲು ಮುರಿದುಕೊಂಡು ಮಲಗಿದ್ದರಿಂದ ಬರೋಕಾಗಿರಲಿಲ್ಲ. ಒಂದು ಭಾನುವಾರ ಅವರಿಗೆ ಫೋನಲ್ಲೇ ಹುಡುಗಿ ತೋರಿಸೋದು ಅಂತಾಯ್ತು. ವಾರಗಿತ್ತಿ ಮಗಳಿಗೆ ರೇಷ್ಮೆ ಸೀರೆ ಉಡಿಸಿ, ಹೂ ಮುಡಿಸಿ, ಪೆಟ್ಟಿಗೆ ಕೆಳಗೇ ಕೂರಿಸಿದಳು. ಅಜ್ಜಿ ಆ ಕಡೆಯಿಂದ “ನಗು ಮಗಾ” ಅಂದರಂತೆ. ಹುಡುಗಿ ನಗೋಕೆ ಬಾಯಿ ತೆಗೆದಳು. ಸರಿಯಾಗಿ ಆಗಲೇ ಅಜ್ಜಿ ಕಡೆ ಫೋನಿನಲ್ಲಿ ಚಿತ್ರ ನಿಂತುಹೋಯ್ತು. ಬಾಯಿ ತೆರೆದಿದೆ, ಒಂದು ಕಣ್ಣು ಅರ್ಧ ಮುಚ್ಚಿದೆ, ಎಷ್ಟು ಹೊತ್ತಾದರೂ ಅಲ್ಲಾಡೋದಿಲ್ಲ. ಅಜ್ಜಿ ಗಾಬರಿಯಾಗಿ, “ಅಯ್ಯೋ ಇದೇನ್ಲಾ, ಉಡುಗೀಗೆ ಏನಾರ ಕಾಯ್ಲೆಯಾ?” ಅಂತ ಮೊಮ್ಮಗನನ್ನು ಕೇಳಿದ್ದು ಇಲ್ಲಿಗೆ ಸ್ಪಷ್ಟವಾಗಿ ಕೇಳಿಸಿತಂತೆ. ದನಿ ಬರ್ತಿತ್ತು, ಚಿತ್ರ ಬರ್ತಿರಲಿಲ್ಲ.

ವಾರಗಿತ್ತಿ ಕಿಟಕಿಯಿಂದ ಹೊರಗೆ ಬಗ್ಗಿ ನೋಡಿದಳು. ನನ್ನ ಜಗಲಿ ಮೇಲೆ ಸಂಘದ ಹೆಂಗಸರು ಸಾಲಾಗಿ ಕೂತು, ಒಬ್ಬೊಬ್ಬರೂ ಒಂದೊಂದು ಫೋನ್ ಹಿಡಿದು ಅದೇ ವೈಫೈಯಲ್ಲಿ ಧಾರಾವಾಹಿ ನೋಡ್ತಿದ್ದರು. ನಾನು ಅವರಿಗೆ ಕಾಫಿ ಕೊಡ್ತಿದ್ದೆ.

ಅವಳು ಆವತ್ತು ಬಾಯಿ ಬಿಡಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು, ನಾನೂ ನಾಲ್ಕು ಮಾತು ಬೈದು ಅಲ್ಲಿಗೇ ಮುಗಿಸ್ತಿದ್ದೆ. ಮಾರನೇ ದಿನ ಹಾಲು ಕರೆಯೋವಾಗ ಹಾಡು ಬರಲಿಲ್ಲ. ಫೋನ್ ನೋಡಿದರೆ ‘ಪಾಸ್‌ವರ್ಡ್ ತಪ್ಪಾಗಿದೆ’ ಅಂತಿದೆ. ಮತ್ತೆ ಒತ್ತಿದೆ, ತಪ್ಪು. ಚೌಕಟ್ಟು ನೋಡಿಕೊಂಡು ಒಂದೊಂದಕ್ಷರ ಕೂಡಿಸಿ ಒತ್ತಿದೆ, ತಪ್ಪು. ಆಗ ಗೊತ್ತಾಯ್ತು. ನನಗೊಂದು ಮಾತು ಹೇಳದೆ ಬದಲಾಯಿಸಿದ್ದಾಳೆ! ಮುಖದ ಮೇಲೆ ಬಾಗಿಲು ಹಾಕಿದ ಹಾಗಾಯ್ತು. ಹೊಟ್ಟೆ ಉರಿದುಹೋಯ್ತು ಕಣ್ರೀ, ಸುಳ್ಳು ಯಾಕೆ ಹೇಳಲಿ.

ಅಲ್ಲಿಂದ ಮಾತು ಬಿಟ್ಟೆವು. ಗಂಡಸರಿಬ್ಬರೂ ಎಂದಿನಂತೆ ಒಟ್ಟಿಗೆ ಗದ್ದೆಗೆ ಹೋಗ್ತಿದ್ದರು, ಒಟ್ಟಿಗೆ ಟೀ ಕುಡೀತಿದ್ದರು, ಅವರಿಗೇನು. ನಮ್ಮ ಕಡೆ ಮಾತು ಬಿಟ್ಟ ಮೇಲೂ ಬೈಯೋಕೆ ಒಂದು ದಾರಿ ಇದ್ದೇ ಇದೆ, ಕೋಳಿ. ಅತ್ತೆ ಮೇಲಿನ ಕೋಪ ಕೊತ್ತಿ ಮೇಲೆ ಅಂತಾರಲ್ಲ, ನಮ್ಮಲ್ಲಿ ಕೋಳಿ ಮೇಲೆ. “ಥೂ ಜಿಪುಣ ಮುಂಡೇದೆ, ಇನ್ನೊಬ್ಬರಿಗೆ ಒಂದು ಕಾಳು ಬುಡಾಕಿಲ್ವಲ್ಲ ನೀನು!” ಅಂತ ನಾನು ಹಿತ್ತಲಲ್ಲಿ ನಮ್ಮ ಹುಂಜಕ್ಕೆ ಕೂಗೋದು. ಆ ಕಡೆಯಿಂದ ಅವಳು ಅವಳ ಹ್ಯಾಟೆಗೆ, “ಯಾರ್ದೋ ಮನೆ ಕಾಳ ಬೀದಿಗೆಲ್ಲ ಚೆಲ್ತೀಯಲ್ಲೇ, ನಿನ್ನಪ್ಪನ ಮನೇದಾ?” ಅನ್ನೋದು. ಪಾಪ, ಕೋಳಿಗಳು ಎರಡೂ ಬಡವಾದವು.

ಫೋನ್ ಮಾತ್ರ ದಿನಾ ಅವಳ ವೈಫೈ ಹೆಸರು ತೋರಿಸಿ, ಸೇರೋಕೆ ಹೋಗಿ, ಒದೆಸಿಕೊಂಡು ವಾಪಸ್ಸು ಬರೋದು. ಹಾಲಿನ ಡೈರಿಯಲ್ಲಿ ಲೆಕ್ಕ ಬರೆಯೋ ಹೆಂಗಸು ಫೋನಿನಲ್ಲಿ ಹುಷಾರು. ಅವಳಿಗೆ ತೋರಿಸಿದೆ. ಅವಳು ಸೆಟ್ಟಿಂಗಿನ ಚಕ್ರ ಒತ್ತಿ, ಆ ಹೆಸರಿನ ಮೇಲೆ ಬೆರಳಿಟ್ಟು, “ಇಲ್ಲಿ ‘ಮರೆತುಬಿಡಿ’ ಅಂತ ಅದೆ ನೋಡಕ್ಕ, ಒತ್ತಿಬುಡ್ಲಾ? ಆಮ್ಯಾಕೆ ಇದು ಅತ್ತ ತಿರುಗೂ ನೋಡಾಕಿಲ್ಲ” ಅಂದಳು. ನನಗೆ ಏನಾಯ್ತೋ, ಫೋನ್ ಕಿತ್ತುಕೊಂಡೆ. “ಅದು ಇರ್ಲಿ ಬುಡು, ಬೇರೆ ಏನಾರ ಏಳ್ಕೊಡು” ಅಂದೆ. ಅವಳು ಹಾಟ್‌ಸ್ಪಾಟ್ ಹೇಳಿಕೊಟ್ಟಳು. ನನ್ನ ಫೋನಿನ ಇಂಟರ್ನೆಟ್ಟನ್ನು ನಾನೇ ಸುತ್ತಲಿನವರಿಗೆ ಹಂಚೋದು, ಅದಕ್ಕೆ ನನಗೆ ಬೇಕಾದ ಹೆಸರು ಇಡೋದು. ಆ ಹೆಸರು ಅಕ್ಕಪಕ್ಕದ ಫೋನಿಗೆಲ್ಲ ಕಾಣುತ್ತಂತೆ.

ಕಾಣುತ್ತಾ? ಗೋಡೆ ಆಚೆಗೂ? ನಾನು ಡೈರಿಯಿಂದ ಮನೆಗೆ ನಡೆದು ಬಂದಿದ್ದಲ್ಲ, ಹಾರಿ ಬಂದಿದ್ದು. ರಾಗಿ ಡಬ್ಬದ ಪಕ್ಕ ನಿಂತು ಹಾಟ್‌ಸ್ಪಾಟಿಗೆ ಹೆಸರಿಟ್ಟೆ: ‘ನಂದು ನಂಗಿದೆ’.

ಮಾರನೇ ದಿನ ಸಾಯಂಕಾಲ ನನ್ನ ಫೋನಿನಲ್ಲಿ ಅವಳ ವೈಫೈ ಹೆಸರು ಬದಲಾಗಿತ್ತು: ‘ಬಾಳ ಸಂತೋಸ’.

ಆಹಾ! ನಾನು ‘ಜಿಪುಣಿ’ ಅಂತ ಹಾಕಿದೆ. ಅಲ್ಲಿಂದ ‘ದಾನಸೂರಮ್ಮ’ ಬಂತು. ನಾನು ‘ಮುಚ್ಚು ಬಾಯಿ’ ಅಂದೆ. ಅವಳು ‘ನೀ ಮುಚ್ಚು’ ಅಂದಳು. ಜಾಸ್ತಿ ಬರೆಯೋಣ ಅಂದರೆ ಫೋನು ಒಪ್ಪದು, ಹತ್ತು ಅಕ್ಷರಕ್ಕೇ ಉಸಿರು ಕಟ್ಟುತ್ತೆ. ಎದುರು ಮನೆಯವಳು ಬೆಳಿಗ್ಗೆ ಬಾಗಿಲಿಗೆ ನೀರು ಹಾಕೋಕೆ ಮುಂಚೆ ಫೋನ್ ತೆಗೆದು ನಮ್ಮ ಹೆಸರು ನೋಡ್ತಿದ್ದಳು. ನನ್ನ ಗಂಡನಂತೂ, “ಇವತ್ತಿನ ಪೇಪರ್ ಬಂತಾ?” ಅಂತ ಕೇಳೋರು.

ಆದರೆ ನನಗೆ ಒಂದು ಹೊಳೆದೇ ಇರಲಿಲ್ಲ ನೋಡಿ. ವಾರಗಿತ್ತಿ ಹೆಬ್ಬೆಟ್ಟು. ಇಪ್ಪತ್ತೈದು ವರ್ಷದಿಂದ ಗೊತ್ತಿರೋ ವಿಷಯ, ಸಿಟ್ಟಿನಲ್ಲಿ ಮರೆತಿದ್ದೆ. ಹೊಳೆದ ದಿನ ಹುಡುಗಿ ಬಸ್ಸಿಳಿದು ಬರೋದನ್ನೇ ಕಾದು ಜಗಲಿಯಲ್ಲಿ ತಡೆದೆ.

“ಲೇ, ನಿಂತ್ಕೊ. ನಂಗೆ ದಾನಸೂರಮ್ಮ ಅಂತ ಬರ್ದೋಳು ನೀನಾ?”

“ಅವ್ವ ಏಳ್ತು, ನಾನು ಒತ್ತಿದೆ ದೊಡ್ಡವ್ವ.”

“ನಾನು ಬರ್ದಿದ್ದ ಅವಳಿಗೆ ಓದಿ ಏಳೋಳೂ ನೀನೇಯಾ?”

“ಇನ್ಯಾರು ಏಳ್ತಾರೆ? ನಾನು ಬಸ್ಸಿಳಿಯೋದೇ ಕಾಯ್ತಿರ್ತದೆ. ಬ್ಯಾಗ್ ಇಡಾಕೂ ಬುಡಾಕಿಲ್ಲ, ಇವತ್ತೇನ್ ಬರ್ದವ್ಳೆ ನಿಮ್ ದೊಡ್ಡವ್ವ ಅಂತದೆ.” ಆಮೇಲೆ ಕಳ್ಳಿ ನಕ್ಕಳು. “ಅವ್ವ ಏಳಿದ್ದು ಇನ್ನೂ ಉದ್ದ ಇತ್ತು. ಅದ್ರಲ್ಲಿ ಇಡೀಲಿಲ್ಲ, ನಾನೇ ಮೊಟಕು ಮಾಡ್ದೆ.”

ನಾನು ಎಣ್ಣೆ ನೀರು ಎರೆದ ಕೂಸೇ ನನ್ನ ಬೈಗುಳ ಮೊಟಕು ಮಾಡೋ ಮಟ್ಟಕ್ಕೆ ಬೆಳೆದಿತ್ತು. ನಗು ತಡೆಯೋಕಾಗದೆ ಒಳಗೆ ಹೋಗಿಬಿಟ್ಟೆ.

ಅಷ್ಟರಲ್ಲಿ ಮಳವಳ್ಳಿ ಸಂಬಂಧವೇ ಗಟ್ಟಿಯಾಯ್ತು. ಆ ಅಜ್ಜಿ, ಉಡುಗಿ ಸುಮ್ಮನಿರೋಳು, ಒಳ್ಳೇದೇ ಆಯ್ತು ಅಂದರಂತೆ. ಮದ್ದೂರಿನ ಛತ್ರದಲ್ಲಿ ಮದುವೆ, ಹಿಂದಿನ ದಿನ ಊರಲ್ಲಿ ಚಪ್ಪರ. ನನ್ನ ಮೈದುನ ಕಾರ್ಡ್ ತಂದು ಕೊಟ್ಟು, “ಅತ್ಗೆ, ಬರ್ಬೇಕು” ಅಂತ ಕೈ ಮುಗಿದರು. ನಾನು ಕಾರ್ಡ್ ಇಸಕೊಂಡು, “ನಿಮ್ಮಣ್ಣ ಬತ್ತಾರೆ” ಅಂದೆ. ನಮ್ಮಲ್ಲಿ ಗಂಡಸು ಗಂಡಸನ್ನ ಕರೆಯೋದು, ಹೆಂಗಸು ಬಂದು ಕುಂಕುಮ ಇಟ್ಟು ಹೆಂಗಸನ್ನ ಕರೆಯೋದು. ಹಾಗೆ ಕರೆಯದ ಮದುವೆಗೆ ಹೋದರೆ ಊಟಕ್ಕೆ ಗತಿಯಿಲ್ಲದೆ ಬಂದೋಳು ಅಂತಾರೆ. ವಾರಗಿತ್ತಿ ಬೆಸಗರಹಳ್ಳಿಗೆ ಹೋಗಿ ನೆಂಟರನ್ನ ಕರೆದು ಬಂದಳು. ನಮ್ಮ ಬೀದಿಯಲ್ಲಿ ಎಲ್ಲ ಬಾಗಿಲೂ ಮುಗಿಸಿದಳು. ಎದುರು ಮನೆಗೆ ಬಂದಳು. ನನ್ನ ಬಾಗಿಲಿಗೆ ಬರಲಿಲ್ಲ.

ನಮ್ಮ ಮನೆತನದಲ್ಲಿ ಚಪ್ಪರದ ದಿನ ಹೆಣ್ಣಿಗೆ ಮೊದಲ ಅರಿಶಿನ ಹಚ್ಚೋದು ದೊಡ್ಡವ್ವ. ನನಗೆ ಹೆಣ್ಣುಮಕ್ಕಳಿಲ್ಲ, ಈ ಜನ್ಮದಲ್ಲಿ ನಾನು ಅರಿಶಿನ ಹಚ್ಚೋಕೆ ಇದ್ದಿದ್ದು ಆ ಒಂದು ಮುಖ. ಹುಡುಗಿ ಫೋನಿಗೆ ಮೆಸೇಜು ಹಾಕ್ತಿದ್ದಳು, ‘ದೊಡ್ಡವ್ವ ನೀನು ಬರಲೇಬೇಕು’ ಅಂತ. ಮಗು ಕರೆದರೆ ಆಗುತ್ತಾ? ನಾನೇ ಹೋಗಿ ಆ ಬಾಗಿಲು ತಟ್ಟಬಹುದಿತ್ತು, ತಪ್ಪು ನನ್ನದೇ ಅಲ್ಲವಾ. ಆದರೆ ಕಾಲು ಏಳಲಿಲ್ಲ, ಸುಡುಗಾಡು ಹಟ. ಹಾಟ್‌ಸ್ಪಾಟಿನ ಹೆಸರು ಬದಲಾಯಿಸೋಕೂ ಮನಸ್ಸು ಬರಲಿಲ್ಲ. ಅಲ್ಲೂ ‘ನೀ ಮುಚ್ಚು’ ಹಾಗೇ ಇತ್ತು. ರಾತ್ರಿ ಅನ್ನ ಸೇರ್ತಿರಲಿಲ್ಲ, ಗಂಡನಿಗೆ ಗ್ಯಾಸು ಅಂತ ಸುಳ್ಳು ಹೇಳ್ತಿದ್ದೆ.

ಚಪ್ಪರದ ದಿನ ಬೆಳಿಗ್ಗೆ ಗಂಡಸರು ಸೊಪ್ಪು ತಂದು ಚಪ್ಪರಕ್ಕೆ ಹೊದಿಸ್ತಿದ್ದರು. ಗೋಡೆ ಆಚೆ ಹೆಂಗಸರ ಗಲಾಟೆ, ಒನಕೆ ಸದ್ದು, ಅರಿಶಿನ ಕುಟ್ಟುತ್ತಿದ್ದರು. ನಾನು ಒಬ್ಬಳೇ ಅಡುಗೆ ಮನೆಯಲ್ಲಿ ಕೂತು ಫೋನ್ ತೆಗೆದೆ. ಹೆಸರು ಬದಲಾಗಿತ್ತು.

‘ಅಕ್ಕ ಬಾ’.

ಪಕ್ಕದಲ್ಲಿ ಇರುತ್ತಿದ್ದ ಬೀಗದ ಗುರುತೂ ಇರಲಿಲ್ಲ. ಪಾಸ್‌ವರ್ಡೇ ತೆಗೆದುಹಾಕಿದ್ದರು, ಬೀದಿಯಲ್ಲಿ ಹೋಗೋ ಯಾರು ಬೇಕಾದರೂ ಸೇರಿಕೊಳ್ಳಬಹುದಿತ್ತು. ಕಣ್ಣಲ್ಲಿ ನೀರು ಬಂತು. ನೀರಿನ ಹಿಂದೆಯೇ ಸಿಟ್ಟೂ ಬಂತು. ನನ್ನ ಜಾಯಮಾನವೇ ಅಂಥದ್ದು. ಊರಿಗೆಲ್ಲ ಕಾಲಲ್ಲಿ ನಡೆದು ಹೋಗಿ ಕರೆದೋಳಿಗೆ ನನ್ನ ಬಾಗಿಲು ಅಷ್ಟು ದೂರವಾಯ್ತಾ? ಮೂಗು ಒರೆಸಿಕೊಂಡು ಹಾಟ್‌ಸ್ಪಾಟಿಗೆ ಹೊಸ ಹೆಸರು ಹಾಕಿದೆ: ‘ಬಾಯ್ಲಿ ಕರಿ’.

ಗೋಡೆಗೆ ಕಿವಿ ಕೊಟ್ಟು ನಿಂತೆ. ಸ್ವಲ್ಪ ಹೊತ್ತಿಗೆ ಹುಡುಗಿ ದನಿ ಕೇಳಿಸಿತು. “ಬಾಯ್ಲಿ ಕರಿ ಅಂತ ಬರ್ದದೆ ಕಣವ್ವ.” ಒನಕೆ ಸದ್ದು ನಿಂತಿತು. ಆಮೇಲೆ ಯಾರೋ ದಡದಡ ನಡೆದು ಬರೋ ಸದ್ದು.

ಬಾಗಿಲು ತೆಗೆದರೆ ವಾರಗಿತ್ತಿ. ಕೈಯಲ್ಲಿ ಕುಂಕುಮದ ತಟ್ಟೆ, ಮೊಣಕೈವರೆಗೆ ಅರಿಶಿನ, ಕೂದಲು ಕೆದರಿದೆ. ನನ್ನನ್ನು ದುರುಗುಟ್ಟಿ ನೋಡಿದಳು. ನಾನೂ ನೋಡಿದೆ. ಅವಳು ನನ್ನ ಹಣೆಗೆ ಕುಂಕುಮ ಇಟ್ಟಳು. ಕುಂಕುಮ ಮೂಗಿನ ಮೇಲೆಲ್ಲ ಉದುರಿತು.

“ನಾಳೆ ಕಳೆದ್ರೆ ಅವಳು ಮಳವಳ್ಳಿಗೆ ಒಂಟೋಯ್ತಾಳೆ ಕಣಕ್ಕ” ಅಂದಳು. “ಆಮ್ಯಾಕೆ ನೀನು ಬರ್ದಿದ್ದ ನಂಗೆ ಓದಿ ಏಳೋರು ಯಾರು? ನಾನು ಬೈದಿದ್ದ ಒತ್ತಿ ಕೊಡೋರು ಯಾರು?”

ಅವಳು ಸೆರಗಿನಿಂದ ಕಣ್ಣು ಒತ್ತಿಕೊಂಡಳು, ಕೆನ್ನೆಗೆಲ್ಲ ಅರಿಶಿನ ಮೆತ್ತಿಕೊಂಡಿತು.

“ಇನ್ಮ್ಯಾಕೆ ಎದುರುಗೇ ನಿಂತು ಬಾಯ್ಲೇ ಬೈಕೊಳಾನ. ಬಾ ಅಕ್ಕ.”